ಗಿರಿಜಕ್ಕನ ಗಂಟು

ಮೊನ್ನೆ ಸ್ವೆಟರ್ ಹುಡುಕಲು ಟ್ರಂಕಿನ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಸ್ವೆಟರ್ ಸಿಗಲಿಲ್ಲ, ಗಿರಿಜಕ್ಕ ಸಿಕ್ಕರು. ಬೇರೆಯವರಿಗೆ ಮಲ್ಲಿಗೆ, ಮಳೆಯ ಮಣ್ಣು ಮುಂತಾದ ಮರ್ಯಾದಸ್ಥ ವಾಸನೆಗಳಿಂದ ಹಳೆಯ ದಿನಗಳು ನೆನಪಾಗುತ್ತವಂತೆ. ನನ್ನ ಯೌವನ ಕಳೆದದ್ದೇ ನುಸಿಗುಳಿಗೆಯ ಕೋಣೆಯಲ್ಲಿ, ಏನು ಮಾಡುವುದು ಹೇಳಿ.

ಅದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ರೆಕಾರ್ಡ್ ರೂಮು. ತೊಂಬತ್ತರ ದಶಕದ ಕೊನೆಗೆ ನಾನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ, ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಹೋಗುವುದು. ಆಸ್ಪತ್ರೆಗೆ ಕಂಪ್ಯೂಟರ್ ಮಾತ್ರ ಇನ್ನೂ ಬಂದಿರಲಿಲ್ಲ. ಬರುವವರೆಗೆ ಗಿರಿಜಕ್ಕನ ಕೈಕೆಳಗೆ ಕೂತಿರು ಎಂದರು. ಎರಡು ವರ್ಷ ಕೂತೆ.

ಗಿರಿಜಕ್ಕ ಆ ಕೋಣೆಯ ಮುಖ್ಯಸ್ಥೆ. ಬೆಂಗೇರಿಯಿಂದ ಬರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ದಾರಕ್ಕೆ ಕಟ್ಟಿದ ಕನ್ನಡಕ ಕೊರಳಲ್ಲಿ ತೂಗುತ್ತಿತ್ತು. ರೋಗಿಗಳ ಕಡತಗಳನ್ನು ತಿಂಗಳ ಪ್ರಕಾರ ಜೋಡಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿ, ಬಸ್ತಾ ಕಟ್ಟಿ ಕಪಾಟಿನಲ್ಲಿಡುವುದು ಅವರ ಕೆಲಸ. ಗಂಟು ಹಾಕುವಾಗ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅದು ಅವರದೇ ಗಂಟು. ಬೇರೆ ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದರೆ ಮರುದಿನ ಬಾಗಿಲಲ್ಲಿ ನಿಂತೇ ಗುರುತಿಸುತ್ತಿದ್ದರು. ನಾನೂ ಒಮ್ಮೆ ಪ್ರಯತ್ನಿಸಿದೆ. "ಹೊಲಕ್ಕ ಬುತ್ತಿ ಕಟ್ಟಿದಂಗ ಕಟ್ಟೀಯಲ್ಲೋ ತಮ್ಮಾ" ಎಂದು ನಕ್ಕು ಬಿಚ್ಚಿಹಾಕಿದರು.

ಇಷ್ಟು ಕಾವಲು ಏಕೆಂದು ನನಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಅವಳಿ ನಗರದ ರೀತಿ ನಿಮಗೆ ಗೊತ್ತಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನವನಗರ ಬರುವುದರೊಳಗೆ ಯಾವೂರು, ಯಾರ ಪೈಕಿ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಲ್ಲವನ್ನೂ ಕೇಳಿ ಮುಗಿಸಿರುತ್ತಾರೆ. ಅದರಲ್ಲಿ ಕೆಡುಕಿಲ್ಲ, ಅಕ್ಕರೆಯೇ ಹೆಚ್ಚು. ಆದರೆ ಅದೇ ಅಕ್ಕರೆಯ ಮಾತಿಗೆ ಗಿರಿಜಕ್ಕ ಒಮ್ಮೆ ಮೋಸಹೋಗಿದ್ದರು. ಊಟದ ಹೊತ್ತಿನಲ್ಲಿ ಅವರೇ ಹೇಳಿದರು.

"ನಾ ಹೊಸದಾಗಿ ಬಂದಾಗಿನ ಮಾತು. ಒಬ್ಬಾಂವ ಬಂದು, ಇಲ್ಲೆ ತೋರಿಸಿದ್ದ ಒಂದು ಹುಡುಗಿ ಹೆಸರು ಹೇಳಿ, ಅಕ್ಕಾರ, ನಾ ಆಕಿ ಸೋದರಮಾವ ಅದೇನಿ, ಕಾಗದ ಒಂಚೂರು ತೋರಸ್ರಿ ಅಂದ. ಭಾಳ ಛಲೋ ಮಾತಾಡಿದ. ಚಹಾ ಕುಡಿಸಿ ಕಾಗದ ಕೊಟ್ಟೆ. ಅಂವ ಮಾವ ಅಲ್ಲ, ಗಂಡಿನ ಕಡಿಯಾಂವ. ಎಂಟ ದಿನದಾಗ ಲಗ್ನ ಮುರೀತು."

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತ್ತು. "ಆ ಹುಡುಗಿಗೆ ಸಣ್ಣಾಕಿದ್ದಾಗ ಫಿಟ್ಸ್ ಬರ್ತಿತ್ತು ಅಷ್ಟ. ಯಾವಾಗೋ ಆರಾಮಾಗಿತ್ತು" ಎಂದರು.

ಕೊನೆಗೊಮ್ಮೆ ಕಂಪ್ಯೂಟರ್ ಬಂತು. ಜೊತೆಗೆ ಯಾವುದೋ ಕಂಪನಿಯ ತಂತ್ರಾಂಶವೂ ಬಂತು. ಇಡೀ ಆಸ್ಪತ್ರೆಗೆ ಒಂದೇ ಪಾಸ್‌ವರ್ಡ್, ಅದೂ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರ ಮನೆದೇವರ ಹೆಸರು. ಯಾರೂ ಮರೆಯಬಾರದೆಂದು ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದರು. ಆ ಚೀಟಿಯ ದೇವರಿಗೆ ದಿನಾ ಕುಂಕುಮ ಹಚ್ಚುವವರೂ ಇದ್ದರು. ಗಿರಿಜಕ್ಕ ಎಲ್ಲವನ್ನೂ ಸುಮ್ಮನೆ ನೋಡಿ, ಕಂಪನಿಯ ಮನುಷ್ಯನಿಗೆ ಒಂದೇ ಪ್ರಶ್ನೆ ಕೇಳಿದರು.

"ಇದನ್ನ ಯಾರು ಬಿಚ್ಚಿ ನೋಡ್ಯಾರ ಅನ್ನೂದು ನನಗ ಹೆಂಗ ಗೊತ್ತಾಗತೈತ್ರಿ?"

"ಆ ಸೌಲಭ್ಯ ಇದರಾಗ ಇಲ್ರಿ ಮೇಡಂ."

"ಹಂಗಾರ ಅದನ್ನ ಒಳಗ ಸೇರಸ್ರಿ."

"ಒಳಗ ಯಾರೂ ಕೈ ಹಾಕಾಕ ಬರಂಗಿಲ್ರಿ."

ಗಿರಿಜಕ್ಕ ನನ್ನ ಕಡೆ ತಿರುಗಿದರು. ಎರಡು ವರ್ಷ ಕಂಪ್ಯೂಟರ್ ಪಂಡಿತನೆಂದು ಹೇಳಿಕೊಂಡು ಅವರ ಶೇಂಗಾ ಚಟ್ನಿ ತಿಂದಿದ್ದೆ. ಈಗ ಏನಾದರೂ ಮಾಡಲೇಬೇಕಿತ್ತು.

ಆ ಕಾಲಕ್ಕೆ ಕಂಪ್ಯೂಟರ್ ಮಾಸಿಕಗಳ ಜೊತೆ ಒಂದು ಸಿ.ಡಿ. ಬರುತ್ತಿತ್ತು. ಅದರಲ್ಲಿ ಓಪನ್ ಸೋರ್ಸ್ ತಂತ್ರಾಂಶಗಳಿರುತ್ತಿದ್ದವು. ಒಳಗಿನ ಬರಹವನ್ನೆಲ್ಲ ಬಿಚ್ಚಿಟ್ಟು, ನೋಡಿ, ತಿದ್ದಿ, ಬೇಕಾದವರಿಗೆ ಕೊಡಿ ಎಂದು ಯಾರೋ ಪುಣ್ಯಾತ್ಮರು ಬಿಟ್ಟ ಸಾಮಾನು. ಭಾನುವಾರಗಳಂದು ಅದನ್ನು ಹಿಡಿದು ಕೂತೆ. ಮೊದಲ ತಿಂಗಳು ಯಂತ್ರ ನನ್ನ ಮಾತು ಕೇಳಲಿಲ್ಲ, ಎರಡನೆಯ ತಿಂಗಳು ನಾನು ಅದರ ಮಾತು ಕೇಳತೊಡಗಿದೆ. ಐದನೆಯ ತಿಂಗಳಿಗೆ ಗಿರಿಜಕ್ಕನ ಗಂಟು ನಮ್ಮ ಕೋಣೆಯ ಕಂಪ್ಯೂಟರಿನೊಳಗೆ ಬಿತ್ತು. ಹಳೆಯ ಕಡತಗಳೆಲ್ಲ ಅದರಲ್ಲೇ ಇದ್ದವು. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್. ಯಾವುದೇ ಕಡತ ತೆರೆಯುವ ಮೊದಲು ಏಕೆಂದು ಕಾರಣ ಬರೆಯಬೇಕು. ಬರೆದೊಡನೆ ಗಿರಿಜಕ್ಕನ ಮೇಜಿನ ಮೇಲಿನ ಹಳೆಯ ಪ್ರಿಂಟರ್ ಕರಕರ ಎಂದು ಯಾರು, ಯಾವಾಗ, ಯಾರದನ್ನು, ಏಕೆ ನೋಡಿದರು ಎಂದು ಒಂದು ಸಾಲು ಹೊಡೆಯುತ್ತಿತ್ತು. ಪರದೆಯ ಮೇಲೆ ಏನು ಅಳಿಸಿದರೂ ಆ ಕಾಗದ ಅವರ ಹತ್ತಿರವೇ ಉಳಿಯುತ್ತಿತ್ತು.

ಅದರಲ್ಲಿ ಮೊದಲು ಸಿಕ್ಕಿಬಿದ್ದ ಕಳ್ಳ ಯಾರೆಂದು ಕೇಳಬೇಡಿ. ಸರಿ, ಹೇಳುತ್ತೇನೆ, ನಾನೇ. ನಮ್ಮ ಖೋಲಿಯ ಮಾಲೀಕರು ಅದೇ ವಾರ ಆಸ್ಪತ್ರೆಗೆ ಬಂದಿದ್ದರು. ಏನಾಗಿದೆಯೋ ನೋಡೋಣ ಎಂದು ಅವರ ಕಡತ ತೆರೆದೆ. ಕಾರಣದ ಜಾಗದಲ್ಲಿ ಏನು ಬರೆಯುವುದೆಂದು ಹೊಳೆಯದೆ "ಸುಮ್ಮನೆ" ಎಂದು ಬರೆದೆ. ಪ್ರಿಂಟರ್ ಕೂಗಿತು. ಗಿರಿಜಕ್ಕ ಕನ್ನಡಕ ಏರಿಸಿ ಸಾಲನ್ನು ಗಟ್ಟಿಯಾಗಿ ಓದಿದರು. "ಸುಮ್ಮನೆ ಅಂತ ನೋಡಾಕ ಇದೇನು ಸಿನೆಮಾ ಏನೋ?" ಎಂದರು. ನಾಚಿಕೆಯ ಹಿಂದೆಯೇ ಖುಷಿಯೂ ಆಯಿತೆನ್ನಿ, ಗಂಟು ಕೆಲಸ ಮಾಡಿತ್ತು.

ನಿಜವಾದ ಪರೀಕ್ಷೆ ಬಂದದ್ದು ದಸರೆಯ ನಂತರ. ಹತ್ತಿ ವ್ಯಾಪಾರದ ಒಬ್ಬ ಸಾವಕಾರರು, ಆಸ್ಪತ್ರೆಯ ಕಮಿಟಿಗೆ ಬೇಕಾದವರು, ಸಾಹೇಬರನ್ನೇ ಕರೆದುಕೊಂಡು ನಮ್ಮ ಕೋಣೆಗೆ ಬಂದರು. ಮಗನಿಗೆ ಹೆಣ್ಣು ನೋಡಿದ್ದರು. ಆ ಹುಡುಗಿ ನಮ್ಮಲ್ಲಿ ಕೆಲವು ದಿನ ದಾಖಲಾಗಿದ್ದಳೆಂದು ಯಾರೋ ಹೇಳಿದ್ದರು.

"ಅಕ್ಕಾರ, ಒಂದೀಟು ತಗದು ತೋರಸ್ರಿ. ಮನಿ ಮಂದಿನ ಅದಾರ" ಎಂದರು ಸಾಹೇಬರು.

ಗಿರಿಜಕ್ಕ ಎದ್ದು ನಿಂತರು. "ನಾ ತಗಿಯಂಗಿಲ್ರಿ ಸಾಹೇಬ್ರ. ನೀವ ದೊಡ್ಡಾವ್ರು, ನಿಮ್ಮ ಪಾಸ್‌ವರ್ಡ್ ಹಾಕಿ ತಗೀರಿ. ಕಾರಣ ಅಷ್ಟ ಬರೀರಿ."

ಸಾಹೇಬರು ಕುರ್ಚಿಗೆ ಕೂತರು. ಹುಡುಗಿಯ ಹೆಸರು ಒತ್ತಿದರು. ಯಂತ್ರ ಕಾರಣ ಕೇಳಿತು. ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿತ್ತು. ಅವರ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟವು.

"ಏನರೆ ಬರೀರಿ, ಆಮ್ಯಾಲ ಅಳಸಿದ್ರಾತು" ಎಂದರು ಸಾವಕಾರರು.

ಸಾಹೇಬರು ನನ್ನ ಮುಖ ನೋಡಿದರು. "ಅಳಸಾಕ ಬರತೈತೇನೋ?"

"ಬರಂಗಿಲ್ರಿ" ಎಂದೆ. ಜೀವನದಲ್ಲಿ ಅಷ್ಟು ನೆಟ್ಟಗೆ ನಿಂತು ನಾನು ಇನ್ನೊಂದು ಮಾತು ಆಡಿಲ್ಲ.

ಸಾಹೇಬರು ಹೆಸರನ್ನು ಅಳಿಸಿ, ಕುರ್ಚಿ ಹಿಂದೆ ಸರಿಸಿ ಎದ್ದರು. "ಸಾವಕಾರ್ರ, ಹುಡುಗೀನ ಕೇಳ್ರಿ. ಆಕಿ ಹೇಳಿದ್ರ ಕೇಳ್ರಿ, ಇಲ್ಲಂದ್ರ ಬಿಡ್ರಿ. ನಾ ಇಲ್ಲಿ ಬರ್ಯೂವಂಥಾ ಕಾರಣ ನನಗ ತಿಳೀವಲ್ತು."

ಸಾವಕಾರರು ಕೆಂಪಾಗಿ ಹೊರಟುಹೋದರು. ಹದಿನೈದು ದಿನಕ್ಕೆ ಅವರ ದೂರಿನ ಮೇಲೆ ಕಮಿಟಿಯಿಂದ ಕರೆ ಬಂತು. ಕೆಲಸ ಹೋಯಿತೆಂದೇ ತಿಳಿದು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಗಿರಿಜಕ್ಕ ಪ್ರಿಂಟರಿನ ಕಾಗದದ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಬಂದರು. ಕಮಿಟಿಯ ಹಿರಿಯರು ಸುರುಳಿ ಬಿಚ್ಚಿ ಬಹಳ ಹೊತ್ತು ಓದಿದರು. ಕೊನೆಗೆ ತಲೆಯೆತ್ತಿ ಕೇಳಿದ್ದು ಒಂದೇ. "ನಮ್ಮ ಮನ್ಯಾವ್ರೂ ಇಲ್ಲೇ ತೋರಸ್ತಾರ. ಅವ್ರ ಕಾಗದಾನೂ ಹಿಂಗ ಇರ್ತಾವೇನ್ರಿ?"

"ಎಲ್ಲಾರದೂ ಹಿಂಗ ಇರ್ತಾವ್ರಿ. ನಿಮ್ಮದೂ, ಕಸಾ ಹೊಡಿಯಾಕಿದೂ" ಎಂದರು ಗಿರಿಜಕ್ಕ.

ಆ ತಿಂಗಳೇ ಕಂಪನಿಯ ತಂತ್ರಾಂಶ ಹೋಯಿತು, ದೇವರ ಚೀಟಿಯೂ ಹರಿಯಿತು. ಎಲ್ಲ ವಿಭಾಗಗಳಿಗೂ ನಮ್ಮದೇ ಬಂತು. ಆಮೇಲೆ ಬೇರೆ ಆಸ್ಪತ್ರೆಗಳವರು ಬಂದು ಕೇಳಿದಾಗ ಸಿ.ಡಿ. ಮೇಲೆ ಸಿ.ಡಿ. ಬರೆದು ಕೊಟ್ಟೆ. ನಮಗೂ ಹಾಗೆಯೇ ಸಿಕ್ಕಿತ್ತಲ್ಲ. ದೇಶಪಾಂಡೆ ನಗರದಲ್ಲಿ ಹೋಗುವಾಗ ಜನ ನನ್ನನ್ನು ತೋರಿಸಿ, "ಗಿರಿಜಕ್ಕನ ಪ್ರಿಂಟರ್ ಮಾಡಿದಾವ್ರು ಇವ್ರ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಬಂದಿಲ್ಲ, ಬೇಕಾಗಿಯೂ ಇಲ್ಲ.

ಇದನ್ನೆಲ್ಲ ಬರೆದು ಹೆಂಡತಿಗೆ ಓದಿ ಹೇಳಿದೆ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳಿದಳು, ಮುಗಿದ ಮೇಲೆ ಹತ್ತಿರ ಸರಿದು ಕೂತಳು.

"ಅದಿರ್ಲಿ, ಖರೇ ಹೇಳ್ರಿ. ಆ ಸಾವಕಾರ್ರು ನೋಡಿದ್ದ ಹುಡುಗಿಗೆ ಏನಾಗಿತ್ತು? ಲಗ್ನ ಆತೋ ಇಲ್ಲೋ?"

"ಗೊತ್ತಿಲ್ಲ."

"ಅಲ್ರೀ, ಆಮ್ಯಾಲೂ ಹತ್ತ ವರ್ಷ ಅದ ಮಷಿನ್ ಮುಂದ ಕುಂತಿದ್ರಿ!"

ಕುಂತಿದ್ದೆ, ಹೌದು. ಆ ಹುಡುಗಿಯ ಹೆಸರು ನನ್ನ ಬೆರಳ ತುದಿಯಲ್ಲಿತ್ತು, ಬರೆಯಲು ಕಾರಣ ಇರಲಿಲ್ಲ. ಅವಳು ಈಗ ಇದೇ ಊರಲ್ಲಿರಬಹುದು, ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿರಬಹುದು. "ಗೊತ್ತಿಲ್ಲ" ಎಂದು ಹೆಂಡತಿಗೆ ಇನ್ನೊಮ್ಮೆ ಹೇಳಿದೆ, ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ.