ಮೇಜರ್ ಸಾಹೇಬರ ಕೊನೆಯ ಇನಿಂಗ್ಸ್

ಕೊಲ್ಲಿ ದೇಶದ ಫಹಾಹೀಲಿನ ಮನೆ ಖಾಲಿ ಮಾಡುತ್ತಿದ್ದೇನೆ. ಮಂಚದಡಿಯಿಂದ ಹಳೆಯ ಬ್ಯಾಟೊಂದನ್ನು ಎಳೆದೆ ನೋಡಿ, ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. "ಇದನ್ನೂ ಊರಿಗೆ ಹೊತ್ಕೊಂಡು ಹೋಗ್ಬೇಕಾ?" ಎಂದಳು ಹೆಂಡತಿ. ನನ್ನ ಬ್ಯಾಟಿಂಗ್ ಕಂಡವಳು, ಅವಳ ಪ್ರಶ್ನೆ ನ್ಯಾಯವೇ. ಆದರೆ ಇದು ನನ್ನ ಬ್ಯಾಟಲ್ಲ, ಮೇಜರ್ ಸಾಹೇಬರದು.

ಇಂಗ್ಲೆಂಡಿನ ಸೈನ್ಯದಿಂದ ನಿವೃತ್ತರಾಗಿ ಪಕ್ಕದ ಊರು ಅಹ್ಮದಿಯಲ್ಲಿ ಕೆಲಸಕ್ಕಿದ್ದ ಅವರು ಶುಕ್ರವಾರ ಬೆಳಿಗ್ಗೆ ನಮ್ಮೊಂದಿಗೆ ಮರಳಿನ ಮೈದಾನದಲ್ಲಿ ಆಡುತ್ತಿದ್ದರು. ಯೌವನದಲ್ಲಿ ದೊಡ್ಡ ತಂಡಗಳಿಗೆ ಆಡಿದ್ದರಂತೆ, ಬಿಡಿಗಾಸೂ ಮುಟ್ಟದೆ, ಬರೀ ಆಟದ ಆಸೆಗೆ. ನಾರಿನ ಚಾಪೆ ಹಾಸಿದ ನಮ್ಮ ಪಿಚ್ಚಿಗೂ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ಬರುವರು. ಚೆಂಡು ಬ್ಯಾಟಿಗೆ ಸವರಿದ್ದು ಅಂಪೈರಿಗೆ ಕೇಳಿಸದಿದ್ದರೂ ತಾವಾಗಿಯೇ ಹೊರನಡೆಯುವರು. ನಾವೋ, ಸ್ಟಂಪು ಹಾರಿದರೂ ಗಾಳಿಯನ್ನು ಬಯ್ಯುವ ಪೈಕಿ.

ಅವರ ವಾಸದ ಪರವಾನಗಿ, ಇಕಾಮಾ, ಮುಗಿದು ಹೊರಡುವ ಕಾಲ ಬಂತು. ಮಂಡಿ ಸವೆದಿದೆ, ಇಲ್ಲಿಗೇ ಆಟ ಸಾಕು ಎಂದಿದ್ದರು. ನಮ್ಮವರು ಸುಮ್ಮನಿರುತ್ತಾರೆಯೇ? ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧವಾದವು. "ಸಾಹೇಬ್ರಿಗೆ ಒಂದು ಫಿಫ್ಟಿಯೂ ಆಗ್ಲಿ ಮಾರಾಯ್ರೆ" ಎಂದ ಮಂಗಳೂರಿನ ಹಮೀದ್, ನಮ್ಮ ವೇಗದ ಬೌಲರ್. ಬೀಳ್ಕೊಡುಗೆ ಪಂದ್ಯದ ದಿನ ಅವರಿಗೆ ಹೂವಿನಂಥ ಚೆಂಡು ಹಾಕಿದ. ಕೈಗೇ ಬಂದ ಕ್ಯಾಚನ್ನು ನಾನು ಬೇಕೆಂದೇ ಕೆಳಗೆ ಬಿಟ್ಟೆ.

ಮೇಜರ್ ನನ್ನನ್ನು ನೋಡಿದರು, ಹಮೀದನನ್ನು ನೋಡಿದರು. ಮುಂದಿನ ಚೆಂಡಿಗೆ ಪಕ್ಕಕ್ಕೆ ಸರಿದು ನಿಂತರು. ಸ್ಟಂಪು ಬಿತ್ತು. ಹೊರನಡೆಯುತ್ತಾ ನನ್ನ ಬಳಿ ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಇವತ್ತು ನಿಮ್ಮ ಜೊತೆ ಆಡೋಣ ಅಂತ ಬಂದಿದ್ದೆ."

ಶಾಲಿಗೆ ಮಾತ್ರ ವಿನಯದಿಂದ ತಲೆಬಾಗಿದರು. ಹೋಗುವಾಗ ಈ ಬ್ಯಾಟನ್ನು ನನ್ನ ಕೈಗಿತ್ತರು. ಆಮೇಲೆ ಸುದ್ದಿಯಿಲ್ಲ. ಆಡದಿದ್ದರೂ ಆಗಾಗ ಇದಕ್ಕೆ ಎಣ್ಣೆ ಹಚ್ಚುತ್ತೇನೆ. ಪ್ರೀತಿಯಿಂದಲೇ ಆ ಮನುಷ್ಯನ ಕೊನೆಯ ಆಟವನ್ನು ಕಸಿದುಕೊಂಡೆವಲ್ಲ.

ಬ್ಯಾಟು ಹಿಡಿದು ಕೂತಿರುವಾಗಲೇ ಹಮೀದನ ಫೋನು. "ಶುಕ್ರವಾರ ನಿಮ್ಮ ಫೇರ್‌ವೆಲ್ ಮ್ಯಾಚ್ ಸರ್. ಶಾಲು ತಂದಾಯ್ತು. ನೀವೆಂತ ಹೆದರ್ಬೇಡಿ, ಫಿಫ್ಟಿ ಗ್ಯಾರಂಟಿ."

"ಹಮೀದ್, ನನಗೆ ಸರಿಯಾಗಿ ಬೌಲ್ ಮಾಡಬೇಕು. ಕ್ಯಾಚ್ ಬಂದ್ರೆ ಯಾರೂ ಬಿಡಬಾರದು."

ಅವನಿಗೂ ಮೇಜರ್ ನೆನಪಾಗಿರಬೇಕು. ಫಿಫ್ಟಿಯ ಮಾತು ಬಿಟ್ಟು ಹೇಳಿದ: "ಸರಿಯಾಗಿ ಹಾಕಿದ್ರೆ ನೀವು ಫಸ್ಟ್ ಬಾಲಿಗೇ ಔಟ್, ಸರ್."

"ಆಗಲಿ" ಎಂದೆ.