ಕಡೆಯ ಕಂಬದಿಂದ ಮೊದಲು

ಢಬ್ ಎಂಬ ಸದ್ದು. ಶಿಕಾರಿಪುರದ ವಿದ್ಯುತ್ ಉಪಕೇಂದ್ರದ ಗೋಡೆಗೆ ಒತ್ತಿಕೊಂಡಿರುವ ನಮ್ಮ ಬೀದಿಗೆ ಅದು ದಿನಾ ಬೆಳಿಗ್ಗೆ ಕೇಳತೊಡಗಿತ್ತು. ಹೊಲಗಳ ಲೈನಿಗೆ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಬಿಟ್ಟ ಮರುಗಳಿಗೆಯಲ್ಲೇ ಅದು ತಾನಾಗಿ ಕಡಿದುಕೊಳ್ಳುವ ಸದ್ದು. ಕೇಳಿದೊಡನೆ ಪಕ್ಕದ ಮನೆಯ ರಂಜನಕ್ಕ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟು ತಲೆಯೆತ್ತುತ್ತಿದ್ದರು, ಒಳಮನೆಯಲ್ಲಿ ಮಗು ಕೆಮ್ಮಿದಾಗ ತಾಯಿ ಎತ್ತುವ ಹಾಗೆ.

ರಂಜನಕ್ಕ ಆ ಉಪಕೇಂದ್ರದ ಜೂನಿಯರ್ ಇಂಜಿನಿಯರ್. ಹುಟ್ಟಿ ಬೆಳೆದದ್ದು ಸೊರಬದಲ್ಲಿ. ಅವರ ಮನೆಯ ಹಿಂದೆ ಅಕ್ಕಿ ಗಿರಣಿ ಇತ್ತಂತೆ. ಗಿರಣಿಯ ಮೋಟಾರು ಶುರುವಾಗುವಾಗ ಅಡುಗೆಮನೆಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತಿತ್ತು. ಮನೆಯವರು ಬಲ್ಬನ್ನು ಬೈಯುತ್ತಿದ್ದರು. ಹುಡುಗಿ ಗಿರಣಿಯ ಕಡೆ ನೋಡುತ್ತಿದ್ದಳು.

ಈಗ ಕಾಡುತ್ತಿದ್ದದ್ದು ಈಸೂರಿನ ದಾರಿಯ ಹೊಲಗಳಿಗೆ ಹೋಗುವ ಪುಟ್ಟ ಲೈನು. ಲೈನ್‌ಮ್ಯಾನ್ ಮಹಾಂತೇಶ್ ಅದರ ಉದ್ದಕ್ಕೂ ನಡೆದು ಕೊಂಬೆ ಕಡಿಸಿದ, ಕಂಬದ ಮೇಲೆ ತಂತಿ ಹೊರುವ, ಬಿರುಕು ಬಿಟ್ಟ ಪಿಂಗಾಣಿ ಬದಲಾಯಿಸಿದ. ಲೈನು ಮಾತ್ರ ಕಡಿದುಕೊಳ್ಳುವುದನ್ನು ಬಿಡಲಿಲ್ಲ. ಈ ವಾರದಲ್ಲಿ ಸರಿಹೋಗದಿದ್ದರೆ ಆ ಲೈನಿಗೆ ಇನ್ನು ರಾತ್ರಿಯೇ ತ್ರೀ ಫೇಸ್ ಎಂದು ಮೇಲಿನ ಕಚೇರಿಯಿಂದ ಮಾತು ಬಂತು.

ಸುದ್ದಿ ಕೇಳಿ ಮೊದಲು ರಂಜನಕ್ಕನ ಕಟ್ಟೆಗೆ ಬಂದವರು ಹಾಲಮ್ಮ. ಲೈನಿನ ಕಡೆಯ ಕಂಬ ಅವರ ಶುಂಠಿ ಹೊಲದಲ್ಲಿದೆ.

"ರಾತ್ರಿ ಕೊಟ್ರೆ ನನಗೆ ಕೊಡದಂಗೇ ನೋಡ್ರೀ ಮೇಡಂ. ಮೋಟ್ರೇನೋ ತಾನೇ ಶುರುವಾಗ್ತೈತೆ. ಕತ್ತಲಾಗೆ ಮಡಿಗೆ ನೀರು ತಿರುವೋರು ಯಾರು? ನಮ್ ಯಜಮಾನ್ರಿಗೆ ಕಣ್ಣು ಕಾಣಲ್ಲ. ನಾನೊಬ್ಳೇ."

"ತಾನೇ ಶುರುವಾಗುತ್ತಾ?" ಎಂದರು ರಂಜನಕ್ಕ.

"ಆಟೋ ಹಾಕ್ಸೀನಲ್ರೀ. ನಾನೊಬ್ಳೇ ಏನು, ಈ ವರ್ಷ ಎಲ್ರೂ ಹಾಕ್ಸ್ಯಾರ. ಕರೆಂಟು ಬಂತಂದ್ರೆ ಮೋಟ್ರು ತಾನೇ ಏಳ್ತೈತೆ."

ಆ ಸಂಜೆ ರಂಜನಕ್ಕ ಮೀಟರಿನಲ್ಲಿ ದಾಖಲಾದ ಗೆರೆಗಳನ್ನು ಕಂಪ್ಯೂಟರಿನಲ್ಲಿ ತೆರೆದು ಕೂತರು. ಕರೆಂಟು ಬಿಟ್ಟ ಕ್ಷಣ ಮೂರು ತಂತಿಗಳ ಮೂರು ಗೆರೆಗಳೂ ಗೋಡೆಯಂತೆ ನೆಟ್ಟಗೆ ಎದ್ದು ಅಲ್ಲೇ ಮುರಿದಿದ್ದವು.

"ನೋಡು ಮಾರಾಯ್ತಿ," ಎಂದು ನನಗೆ ತೋರಿಸಿದರು. "ಕೊಂಬೆ ತಾಗಿದ್ರೆ ಒಂದು ತಂತಿ ನರಳ್ಬೇಕಿತ್ತು. ಇಲ್ಲಿ ಮೂರೂ ಸಮಾ ಏರಿವೆ. ಲೈನಿಗೆ ಎಂತದೂ ಆಗ್ಲಿಲ್ಲ. ಮೋಟಾರು ಏಳುವಾಗ ಓಡುವಾಗಿನ ಐದಾರು ಪಟ್ಟು ಎಳೆಯುತ್ತೆ. ಎಲ್ಲಾ ಒಂದೇ ಉಸಿರಿಗೆ ಎದ್ರೆ, ಎಲ್ಲೋ ತಂತಿ ಕೂಡಿಕೊಂಡಿದೆ ಅಂತ ಬ್ರೇಕರ್ ಕಡಿದುಬಿಡುತ್ತೆ."

ಮರುದಿನ ಲೈನಿನ ಮೊದಲ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ರೈತರೆಲ್ಲ ಸೇರಿದರು. ಅಲ್ಲಿಯವರು ಅದನ್ನು ಟಿಸಿ ಎನ್ನುತ್ತಾರೆ. ಅದು ನಿಂತಿರುವುದು ಪರಮಶಿವಪ್ಪನವರ ಹೊಲದಲ್ಲಿ.

"ಆಟೋ ಕಿತ್ತು ಹಾಕ್ರಿ ಅಂತೀರೇನು?" ಎಂದು ಅವರು ಮೊದಲೇ ಎದೆ ಸೆಟೆದರು. "ನಾನು ಕಿತ್ತರೆ ಆಚೆಯೋನು ಕೀಳ್ತಾನೇನ್ರೀ?"

"ಕೀಳೋದು ಬೇಡ. ಅದರೊಳಗೆ ಟೈಮರ್ ಇದೆ. ಒಬ್ಬರಾದ ಮೇಲೆ ಒಬ್ಬರದು ಏಳೋ ಹಾಗೆ ತಿರುಗಿಸೋಣ."

"ಹಂಗಾದ್ರೆ ನನ್ನಿಂದ ಶುರು ಮಾಡ್ರಿ. ಟಿಸಿ ನನ್ ಹೊಲದಾಗೆ ಐತೆ."

"ನಿನ್ ಹೊಲದಾಗೆ ನಿಂತ ಮಾತ್ರಕ್ಕೆ ಟಿಸಿ ನಿನ್ ಅಳಿಯ ಆಗ್ತೈತೇನಪ್ಪಾ?" ಎಂದರು ಹಾಲಮ್ಮ. ಗುಂಪು ನಕ್ಕಿತು. ಪರಮಶಿವಪ್ಪನವರು ನಗಲಿಲ್ಲ.

ರಂಜನಕ್ಕ ದನಿ ಏರಿಸಲಿಲ್ಲ. "ಕಡೆಯ ಕಂಬದಿಂದ ಮೊದಲು," ಎಂದರು. "ದೂರ ಹೋದಷ್ಟೂ ಕರೆಂಟು ಸೊರಗುತ್ತೆ. ಮುಂದಿನವರೆಲ್ಲ ಓಡಿಸ್ತಿದ್ರೆ ಕಡೆಯವರ ಮೋಟಾರು ಏಳೋದೇ ಇಲ್ಲ. ನೀವು ಲೈನಿನ ಬುಡದಲ್ಲಿದೀರಿ, ಯಾವಾಗ ಹಾಕಿದ್ರೂ ಏಳುತ್ತೆ."

ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ಉಚ್ಚಂಗಪ್ಪಜ್ಜ ಕೂತಲ್ಲಿಂದಲೇ, "ಕೆರೆ ನೀರೂ ಹಂಗೇ ಬಿಡ್ತಿದ್ವಿ ಕಣ್ರಪ್ಪಾ, ಕಡೇ ಗದ್ದೆ ಮೊದಲು," ಎಂದರು. ರಂಜನಕ್ಕ ಅವರನ್ನೇ ನೋಡುತ್ತ ನಿಂತರು. ತಾನು ಲೆಕ್ಕ ಹಾಕಿ ತಲುಪಿದ ಊರಿನಲ್ಲಿ ಆಗಲೇ ದೀಪ ಉರಿಯುತ್ತಿರುವುದನ್ನು ಕಂಡವರಂತೆ.

ಪರಮಶಿವಪ್ಪನವರು ಕೊನೆಗೆ ಹೇಳಿದರು: "ಒಂದು ಸಲ ನೋಡ್ತೀನಿ. ಕೈ ಕೊಟ್ಟರೆ ನಂದು ಮತ್ತೆ ಹಳೇ ಥರಾನೇ."

ವಾರ ಮುಗಿಯುವವರೆಗೆ ರಂಜನಕ್ಕ ಮಹಾಂತೇಶನ ಜೊತೆ ಬದು ದಾಟಿ ಬದು, ಒಂದೊಂದೇ ಪಂಪಿನ ಮನೆಗೆ ಹೋಗಿ ಟೈಮರ್ ತಿರುಗಿಸಿದರು. ಕೆಸರಿಗೆ ಚಪ್ಪಲಿ ಕಿತ್ತು ಬಂದರೆ ಕೈಯಲ್ಲಿ ಹಿಡಿದು ನಡೆದರು. ಯಾರಿಗೂ ಗದರಲಿಲ್ಲ.

ವಾರದ ಕಡೆಯ ಬೆಳಿಗ್ಗೆ ನಾವೆಲ್ಲ ಪರಮಶಿವಪ್ಪನವರ ಪಂಪಿನ ಮನೆಯ ಮುಂದಿದ್ದೆವು. ಕರೆಂಟು ಬಂತು. ಏನೂ ಆಗಲಿಲ್ಲ. ಆಮೇಲೆ ಫೋನಿನಲ್ಲಿ ಮಹಾಂತೇಶನ ದನಿ: "ಹಾಲಮ್ಮನೋರ್ದು ಎದ್ತು ಮೇಡಂ!" ಸ್ವಲ್ಪ ಹೊತ್ತಿಗೆ ದೂರದಲ್ಲೊಂದು ಗುಂಯ್. ಅದರ ಈಚೆ ಇನ್ನೊಂದು. ಹೊಲದಿಂದ ಹೊಲಕ್ಕೆ ಸದ್ದು ನಮ್ಮ ಕಡೆ ನಡೆದು ಬರುತ್ತಿತ್ತು.

ಪರಮಶಿವಪ್ಪನವರ ಬೆರಳು ಸ್ಟಾರ್ಟರಿನ ಹಸಿರು ಗುಂಡಿಯ ಹತ್ತಿರ ಸರಿಯಿತು. ಅದನ್ನು ಒತ್ತಿ, ಆಗಲೇ ಇನ್ನೊಂದೂ ಎದ್ದರೆ ಲೈನು ಮತ್ತೆ ಕಡಿಯಬಹುದಿತ್ತು. ಹಾಲಮ್ಮನ ಹಗಲಿನ ಕರೆಂಟೂ ಅಲ್ಲಿಗೆ ಮುಗಿದಂತೆ. ರಂಜನಕ್ಕ ಆ ಬೆರಳನ್ನು ನೋಡಿದರು. ಪಕ್ಕದ ಹೊಲದ್ದು ಎದ್ದಿತು. ಪರಮಶಿವಪ್ಪನವರು ಕೈ ಹಿಂದೆಗೆದು ಲುಂಗಿಗೆ ಒರೆಸಿಕೊಂಡರು.

ಟಕ್ ಎಂದು ಅವರದೂ ಎದ್ದಿತು. ಪೈಪಿನ ಬಾಯಿಂದ ನೀರು ಗಳಗಳ ಬಿತ್ತು. ಲೈನು ಕಡಿದುಕೊಳ್ಳಲಿಲ್ಲ.

ರಂಜನಕ್ಕ ಮೇಲಿನ ಕಚೇರಿಗೆ ಫೋನು ಮಾಡಿ ತಗ್ಗಿದ ದನಿಯಲ್ಲಿ ಮಾತಾಡಿದರು. ತಿರುಗಿ, "ಹಗಲೇ," ಎಂದರು. ಅಷ್ಟೇ.

"ಹಂಗಾದ್ರೆ ನಾನು ದಿನಾ ಕಡೇಗೇ ಏನ್ರೀ ಮೇಡಂ?" ಪರಮಶಿವಪ್ಪನವರ ದನಿಯಲ್ಲಿ ಈಗ ಜಗಳವಿರಲಿಲ್ಲ.

ರಂಜನಕ್ಕನ ಕಣ್ಣು ಆಗಲೇ ಮುಂದಿನ ಕಂಬಗಳ ನಡುವೆ ಜೋತ ತಂತಿಯ ಮೇಲಿತ್ತು. "ಹಾಗೇನಿಲ್ಲ ಪರಮಶಿವಪ್ಪನೋರೇ, ಈ ತಂತಿ ಒಂಚೂರು ದಪ್ಪದ್ದು ಎಳೆಸಿದ್ರೆ ಕಡೇವರೆಗೂ ಕರೆಂಟು ಸೊರಗಲ್ಲ, ಆವಾಗ ಮೊದಲು ಯಾರು ಕಡೆ ಯಾರು ಅನ್ನೋದೇ..." ಎನ್ನುತ್ತ, ಎತ್ತಿದ ತಲೆ ಇಳಿಸದೆ, ಬದುವಿನ ಮೇಲೆ ನಡೆದು ಹೋದರು.