ಒಂದೇ ಇರಿತದ ಕೂಗು

ಫ್ರಾನ್ಸಿನ ಕಾಂತಾಲ್ ಬೆಟ್ಟಗಳ ಆ ಊರಿನಲ್ಲಿ ಕಟುಕನ ಮರ್ಯಾದೆ ಹಂದಿಯ ಗಂಟಲಲ್ಲಿತ್ತು. ಚಳಿಗಾಲದಲ್ಲಿ ಯಾರದ್ದಾದರೂ ಅಂಗಳದಿಂದ ಕೂಗು ಎದ್ದಿತೆಂದರೆ ಊರಿಗೆ ಊರೇ ಕಿವಿಗೊಡುತ್ತಿತ್ತು. ಥಟ್ಟನೆ ನಿಂತರೆ ಕೈ ಒಳ್ಳೆಯದು, ಉದ್ದಕ್ಕೆ ಎಳೆಯಿತೆಂದರೆ ಮಾನ ಹೋಯಿತು. ಕಟುಕ ಬಾತಿಸ್ತ್ ಇರಿದರೆ ಒಂದೇ ಇರಿತ. ಅವನನ್ನು ಮೀರಿಸುವ ಗಂಡು ಸುತ್ತಮುತ್ತಲೆಲ್ಲೂ ಇರಲಿಲ್ಲ.

ಅವನಿಗೆ ಹುಟ್ಟಿದ್ದು ಗಾಸ್ಪಾರ್. ಕೂಗು ಕೇಳಿದೊಡನೆ ಹುಡುಗ ಚರ್ಚಿಗೆ ಓಡಿ, ಪಾದ್ರಿಯ ಹಾರ್ಮೋನಿಯಂನಲ್ಲಿ ಆ ಸ್ವರವನ್ನು ಹುಡುಕುತ್ತಿದ್ದ. ಒಂದು ದಿನ ಅಪ್ಪ ಹಿಂದೆಯೇ ಬಂದು ಮುಚ್ಚಳವನ್ನು ಮಗನ ಬೆರಳುಗಳ ಮೇಲೆ ದಢಾರನೆ ಬಡಿದ.

"ಕೈ ಇರೋದು ಚೂರಿ ಹಿಡಿಯೋಕೆ ಕಣೋ, ಕುಂಯ್ ಕುಂಯ್ ಅನ್ಸೋಕಲ್ಲ!"

ಎರಡು ಬೆರಳು ಸೊಟ್ಟಗಾದವು. ದೊಡ್ಡವನಾದ ಮೇಲೆ ಪ್ಯಾರಿಸ್ಸಿಗೆ ಓಡಿಹೋದ ಗಾಸ್ಪಾರ್ ಪಿಯಾನೊ ನುಡಿಸುವವನಾಗಲಿಲ್ಲ, ಸಂಗೀತ ರಚಿಸುವವನಾದ. ಎರಡನೇ ಮಹಾಯುದ್ಧ ಮುಗಿದಿತ್ತು. ಕಬ್ಬಿಣದ ಬಾಗಿಲು, ರೈಲು, ಒಡೆಯುವ ಗಾಜು ಎಲ್ಲವನ್ನೂ ಟೇಪಿನಲ್ಲಿ ಹಿಡಿದು, ಕತ್ತರಿಸಿ, ಅಂಟಿಸಿ ಸಂಗೀತ ಮಾಡುವವರ ಗುಂಪು ಸೇರಿದ. ಅಲ್ಲಿ ಹತ್ತರಲ್ಲಿ ಹನ್ನೊಂದನೆಯವನಾಗಿದ್ದ. ಹೆಸರು ಬರಬೇಕಿದ್ದರೆ ಯಾರೂ ಕೇಳದ ಸದ್ದು ಬೇಕಿತ್ತು. ಆಗ ಊರು ನೆನಪಾಯಿತು.

ಹಂದಿಯ ಕೂಗು ಹಿಡಿಯಲು ಟೇಪ್ ಯಂತ್ರ ಹೊತ್ತು ಬಂದ ಮಗನನ್ನು ಕಂಡು ಅಪ್ಪ ಒಳಗೊಳಗೇ ಹಿಗ್ಗಿ ಒಗೆದ ಏಪ್ರನ್ ಕಟ್ಟಿಕೊಂಡ. ಆದರೆ ವಯಸ್ಸು ಸುಮ್ಮನಿರುತ್ತದೆಯೇ? ಕೈ ನಡುಗಿತು, ಚೂರಿ ಎಲುಬಿಗೆ ತಾಗಿತು. ಹಂದಿ ಹಗ್ಗ ಹರಿದುಕೊಂಡು ಬೆಂಚನ್ನು ಉರುಳಿಸಿ, ರಕ್ತ ಚಿಮ್ಮಿಸುತ್ತ ಅಂಗಳವೆಲ್ಲ ಓಡಿತು. ಬಾತಿಸ್ತ್ ಅದರ ಮೇಲೆ ಬಿದ್ದು ಮತ್ತೆ ಮತ್ತೆ ಇರಿದ. ಅದು ಸಾಯಲೊಲ್ಲದು, ಕೂಗು ನಿಲ್ಲಲೊಲ್ಲದು.

"ಅದನ್ನ ಅಳಿಸ್ಬಿಡು," ಎಂದ ಅಪ್ಪ ಏದುಸಿರಿನಲ್ಲಿ. ಎಂದೂ ಬೇಡಿದವನಲ್ಲ, ಅಂದು ಬೇಡಿದ.

"ಆಯ್ತಪ್ಪ," ಎಂದ ಮಗ. ಅಳಿಸಲಿಲ್ಲ. ಅಂಥ ಕೂಗು ಮತ್ತೆ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಪ್ಯಾರಿಸ್ಸಿನ ಸಭಾಂಗಣದಲ್ಲಿ ಆ ಕೂಗನ್ನು ಎಳೆದೆಳೆದು, ಪದರ ಪದರವಾಗಿ ಕೇಳಿಸಿದಾಗ ಅರ್ಧ ಜನ ಛೀ ಥೂ ಎಂದು ಸಿಳ್ಳೆ ಹಾಕಿದರು, ಅರ್ಧ ಜನ ಚಪ್ಪಾಳೆ ತಟ್ಟಿದರು, ಎರಡು ಪಾಳೆಯದವರೂ ಕುರ್ಚಿ ಎತ್ತಿ ಬಡಿದಾಡಿಕೊಂಡರು. ಗಾಸ್ಪಾರನ ಹುಬ್ಬು ಸೀಳಿತು. ರಕ್ತ ಸುರಿಸುತ್ತಲೇ ಅವನು ನಗುತ್ತಿದ್ದ. ಹೆಸರು ಬಂದಿತ್ತು.

ವಾರದೊಳಗೆ ಅದು ರೇಡಿಯೊದಲ್ಲೂ ಬಂತು. ನಮ್ಮ ಹುಡುಗನ ಸಂಗೀತವೆಂದು ಊರ ಕೆಫೆಯಲ್ಲಿ ಎಲ್ಲರೂ ಕೂತಿದ್ದರು, ಬಾತಿಸ್ತ್ ಮುಂದುಗಡೆಯೇ. ಕೂಗು ಶುರುವಾಯಿತು. ಮುಗಿಯಲೇ ಇಲ್ಲ.

ಗಾಡಿ ಮಾಡುವ ಮಾರ್ಸ್ಯಾಲ್ ಗ್ಲಾಸು ಎತ್ತಿದ. "ಏನ್ ಬಾತಿಸ್ತಣ್ಣ, ನಿನ್ ಹಂದಿ ಈಸ್ಟರ್‌ಗಾದ್ರೂ ಸಾಯ್ತದಾ?"

ಬಾತಿಸ್ತ್ ಮೊದಲು ಮಾರ್ಸ್ಯಾಲನ ಮುಂದಿನ ಹಲ್ಲು ಉದುರಿಸಿದ, ಆಮೇಲೆ ರೇಡಿಯೊವನ್ನು ನೆಲಕ್ಕೆ ಕುಕ್ಕಿದ. ಆ ಚಳಿಗಾಲ ಹಂದಿ ಇರಿಯಲು ಅವನನ್ನು ಯಾರೂ ಕರೆಯಲಿಲ್ಲ.

ಪತ್ರಿಕೆಯ ಹೊಗಳಿಕೆ ಜೇಬಿನಲ್ಲಿಟ್ಟುಕೊಂಡು ಗಾಸ್ಪಾರ್ ಕ್ರಿಸ್ಮಸ್ಸಿಗೆ ಬಂದಾಗ ಅಪ್ಪ ಕತ್ತಿನ ಪಟ್ಟಿ ಹಿಡಿದು ಅಂಗಳಕ್ಕೆ ಎಳೆದ, ಹೆಬ್ಬಾಗಿಲು ಜಡಿದ. ಬೆಂಚಿನ ಮೇಲೆ ಮನೆಯ ಹಂದಿ ಬಿಗಿಯಾಗಿ ಕಟ್ಟಿಸಿಕೊಂಡು ಬಿದ್ದಿತ್ತು.

"ಮಾತು ಕೊಟ್ಟು ನನ್ ಮಾನ ಕಳೆದೆಯಲ್ಲೋ ಹಡಬೆ. ಊರೆಲ್ಲ ಕಿವಿ ಇಟ್ಕೊಂಡೈತೆ. ಚೂರಿ ಹಿಡಿ."

"ನನ್ ಕೈಲಿ ಆಗಲ್ಲಪ್ಪ. ಬೆರಳು ನೋಡು."

"ನೋಡಿದೀನಿ. ನಾನೇ ಮುರಿದಿದ್ದು." ಅಪ್ಪ ತನ್ನ ಕೈ ಚಾಚಿ ತೋರಿಸಿದ. ಅದು ಗಡಗಡ ನಡುಗುತ್ತಿತ್ತು. "ಇದನ್ನೂ ನೋಡು."

ಗಾಸ್ಪಾರನಿಗೆ ಅಳು ಬಂತು. ಚೂರಿಯನ್ನು ಸೊಟ್ಟ ಬೆರಳುಗಳ ನಡುವೆ ಸಿಕ್ಕಿಸಿಕೊಂಡ. ಎಲ್ಲಿ ಇರಿಯಬೇಕೆಂದು ತೊಟ್ಟಿಲಿನಿಂದಲೂ ನೋಡಿದ್ದ. ಇಡೀ ಮೈಭಾರ ಹಾಕಿ ಒತ್ತಿದ. ಬಿಸಿ ರಕ್ತ ಮೊಣಕೈವರೆಗೆ ಹರಿಯಿತು. ಕೂಗು ಎದ್ದಿತು, ಎದ್ದಲ್ಲೇ ನಿಂತಿತು.

ಗೋಡೆಯಾಚೆಯಿಂದ ಬೊಚ್ಚು ಬಾಯಿಯ ಮಾರ್ಸ್ಯಾಲ್ ಕೂಗಿದ. "ಭಲೇ ಬಾತಿಸ್ತಣ್ಣ! ಕೈ ಇನ್ನೂ ಗಟ್ಟಿ ಐತೆ ಕಣಯ್ಯ!"

"ಗಟ್ಟಿ ಇರ್ದೆ ಏನ್ಲಾ!" ಎಂದು ಬಾತಿಸ್ತ್ ಗುಡುಗಿದ. ಕಣ್ಣು ಒದ್ದೆಯಾಗಿತ್ತು.

ಊರವರ ಹಂದಿಗೆ ಇನ್ನು ಬರುವುದಿಲ್ಲ, ಸಾಕಾಯಿತು ಎಂದು ಅವನು ಗತ್ತಿನಿಂದಲೇ ಹೇಳಿಕಳಿಸಿದ. ತನ್ನ ಮನೆಯದನ್ನು ಮಾತ್ರ ಪ್ರತಿ ಕ್ರಿಸ್ಮಸ್ಸಿಗೆ ಬಾಗಿಲು ಹಾಕಿಕೊಂಡು ಕೊಲ್ಲುತ್ತಿದ್ದ, ಒಂದೇ ಇರಿತಕ್ಕೆ. ಹಾಗೆಂದು ಊರು ಅವನ ಗೋರಿಯ ಬಳಿಯೂ ಹೊಗಳಿತು. ಗಾಸ್ಪಾರ್ ಆ ಟೇಪನ್ನು ಮತ್ತೆಂದೂ ಕೇಳಿಸಲು ಬಿಡಲಿಲ್ಲ. ಅಪ್ಪ ಬದುಕಿರುವವರೆಗೂ ಒಂದು ಕ್ರಿಸ್ಮಸ್ಸನ್ನೂ ತಪ್ಪಿಸಲಿಲ್ಲ. ದೊಡ್ಡ ಸಂಗೀತಗಾರ ಹಳ್ಳಿಗೆ ವಿಶ್ರಾಂತಿಗೆ ಹೋಗುತ್ತಾನೆ ಎಂದು ಪ್ಯಾರಿಸ್ಸಿನವರು ಹೇಳಿಕೊಳ್ಳುತ್ತಿದ್ದರು.